ನೀರೆರೆಯುವ ಕೈ

ಅಂಗಳವಿಲ್ಲದ ಮನೆಗಳಲ್ಲಿ ವಾಸಿಸುವ ನಾವು, ಅಂಗಳವನ್ನು ಮರೆಯಲಾರದೆ, ಕಿಟಕಿಯ ಪಕ್ಕದಲ್ಲಿ, ಮೇಜಿನ ಮೇಲೆ, ಪುಸ್ತಕದ ಕಪಾಟಿನ ನೆತ್ತಿಯಲ್ಲಿ ಒಂದೊಂದು ಕುಂಡವನ್ನಿಟ್ಟು ಸಮಾಧಾನ ಪಟ್ಟುಕೊಳ್ಳುತ್ತೇವೆ. ಮನಿಪ್ಲಾಂಟ್, ಜರೀಗಿಡ, ಬೆಗೋನಿಯ, ಹೀಗೆ ನಾಲ್ಕು ಗಿಡಗಳಿದ್ದರೆ ಮನೆಗೊಂದು ಕಳೆ. ಆದರೆ ಮಳೆಗಾಲದ ಒಂದು ಸಂಜೆ ದೀಪ ಹಾಕಿಕೊಂಡು ಓದಲು ಕುಳಿತಾಗ, ಪುಟದ ಮೇಲಿನ ಅಕ್ಷರವೊಂದು ಎದ್ದು ನಡೆದಂತೆ ಕರಿಯ ಚುಕ್ಕೆಯೊಂದು ಸರಿದಾಡುತ್ತದೆ. ಕೈ ಬೀಸಿದರೆ ಹಾರಿ, ಮೂಗಿನ ಮುಂದೆಯೇ ಸುಳಿದು, ಮರಳಿ ಹೋಗಿ ಕುಂಡದ ಅಂಚಿನಲ್ಲಿ ಕೂರುತ್ತದೆ. ಈ ಅಲ್ಪಜೀವಿಯ ವಿಚಾರವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮಲ್ಲಿ ಕೆಲವರು ಇದನ್ನು ನೊರಜು ಎನ್ನುತ್ತಾರೆ, ಕೆಲವರು ಗುಂಗುರು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದರ ಹೆಸರು ಫಂಗಸ್ ನ್ಯಾಟ್. ಬೂಷ್ಟನ್ನು ತಿಂದು ಬೆಳೆಯುವ ನೊರಜು ಎಂದು ಅರ್ಥ. ಬಾಳೆಹಣ್ಣನ್ನು ಮುತ್ತುವ ಹಣ್ಣಿನ ನೊಣ ಬೇರೆ; ಅದು ದುಂಡುಮೈಯದು, ಸಾಮಾನ್ಯವಾಗಿ ಕೆಂಗಣ್ಣಿನದು. ಇದಾದರೋ ಸೊಳ್ಳೆಯ ಪುಟ್ಟ ಪಡಿಯಚ್ಚು. ನೀಳವಾದ ಕಾಲು, ಸಣಕಲು ಮೈ, ಬೂದುಬಣ್ಣದ ರೆಕ್ಕೆ. ಉದ್ದ ಹೆಚ್ಚೆಂದರೆ 2ರಿಂದ 4 ಮಿಲಿಮೀಟರ್. ಸೊಳ್ಳೆಯಂತೆ ಕಚ್ಚುವುದಿಲ್ಲ. ಅದರ ಬದುಕೂ ಒಂದು ವಾರ, ಹತ್ತು ದಿನಗಳದ್ದು. ಇಷ್ಟು ಸಾಧುವಾದ ಪ್ರಾಣಿಯಿಂದ ಏನು ಕೇಡು ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ.

ತೀರ್ಥಹಳ್ಳಿಯ ಕಡೆಯ ನಮ್ಮ ಊರಮನೆಯ ಜಗಲಿಯಲ್ಲಿ ನನ್ನ ತಾಯಿ ಒಂದು ಬೆಗೋನಿಯ ಬೆಳೆಸಿದ್ದರು. ಹೂವಿಗಿಂತ ಎಲೆಯೇ ಚೆಲುವಾದ ಜಾತಿ ಅದು. ನೇರಳೆಯ ಅಂಚು, ನಡುವೆ ಬೆಳ್ಳಿಯ ಪಟ್ಟೆ. ಅವರು ತೀರಿಕೊಂಡ ವರ್ಷ ಆ ಕುಂಡವನ್ನು ಬೆಂಗಳೂರಿಗೆ ತಂದೆ. ಅಮ್ಮನ ಗಿಡವೆಂಬ ಭಾವನೆಯಿಂದ ದಿನವೂ ತಪ್ಪದೆ ಒಂದು ಚೊಂಬು ನೀರು ಹಾಕಿದೆ. ಅದು ಸಾಲದೆಂದು ಅಕ್ಕಿ ತೊಳೆದ ನೀರು, ಕಾಫಿಯ ಚರಟ. ತಿಂಗಳೊಳಗೆ ನೊರಜುಗಳು ಎದ್ದವು. ಹಾರುವುದನ್ನು ಅಂಗೈಯಿಂದ ಬಡಿಯುತ್ತ ಹೋದೆ. ಅಷ್ಟರಲ್ಲಿ ಎಲೆಗಳು ಬಾಡಿ ಜೋತುಬಿದ್ದವು. ಪಾಪ, ಬಾಯಾರಿರಬೇಕೆಂದು ಇನ್ನೊಂದು ಚೊಂಬು ನೀರು ಹಾಕಿದೆ.

ಆ ವಾರ ಊರಿನಿಂದ ಚಿಕ್ಕಮ್ಮ ಬಂದರು. ಬಂದವರೇ ಕುಂಡದ ಮಣ್ಣಿಗೆ ಬೆರಳು ಹಾಕಿ, "ಅಲ್ವೋ, ನೀನು ಗಿಡಕ್ಕೆ ನೀರು ಹಾಕ್ತಿದೀಯೋ, ಗಿಡವನ್ನೇ ನೀರಿಗೆ ಹಾಕ್ತಿದೀಯೋ?" ಎಂದರು. ಬುಡ ಹಿಡಿದು ಎತ್ತಿದರೆ ಗಿಡ ಸಲೀಸಾಗಿ ಕೈಗೆ ಬಂದಿತು. ಬೇರು ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿದ್ದಿತು. ಮಣ್ಣಿನಲ್ಲಿ ಗಾಜಿನ ಎಳೆಯಂತಹ ಹುಳುಗಳು; ಒಂದೊಂದಕ್ಕೂ ಕಪ್ಪಗೆ ಹೊಳೆಯುವ ತಲೆ.

ಗುಟ್ಟು ಇಲ್ಲಿದೆ. ನಾವು ಕಾಣುವ ನೊರಜು ಕಥೆಯ ಕೊನೆಯ ಅಧ್ಯಾಯ ಮಾತ್ರ. ಹೆಣ್ಣು ನೊರಜು ಒದ್ದೆ ಮಣ್ಣಿನ ಬಿರುಕುಗಳಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲುದು. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದ ಹುಳು ಸುಮಾರು ಎರಡು ವಾರ ಮಣ್ಣಿನೊಳಗಿದ್ದು, ಬೂಷ್ಟನ್ನೂ ಕೊಳೆತ ಎಲೆಚೂರುಗಳನ್ನೂ ತಿನ್ನುತ್ತದೆ. ಸಂಖ್ಯೆ ಬೆಳೆದಾಗ ಎಳೆಯ ಬೇರಿನ ಕೂದಲುಗಳಿಗೂ ಬಾಯಿ ಹಾಕುತ್ತದೆ. ಆ ಗಾಯದ ಮೂಲಕ ಬೇರುಕೊಳೆಯುವ ರೋಗ ಒಳನುಗ್ಗುತ್ತದೆ. ಬಲಿತ ಗಿಡ ಇದನ್ನು ತಾಳಿಕೊಳ್ಳಬಹುದು. ಸಸಿಯೂ ಹೊಸದಾಗಿ ನೆಟ್ಟ ಕಡ್ಡಿಯೂ ತಾಳಲಾರವು. ಬಳಿಕ ಹುಳು ಕೋಶವಾಗಿ, ಕೋಶ ನೊರಜಾಗಿ ಹೊರಬರುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಈ ಚಕ್ರ ಒಂದು ಸುತ್ತು ತಿರುಗಲು ಮೂರು ನಾಲ್ಕು ವಾರ ಸಾಕು. ಒಂದೇ ಕುಂಡದಲ್ಲಿ ಮೊಟ್ಟೆ, ಹುಳು, ಕೋಶ, ನೊರಜು ನಾಲ್ಕೂ ಒಟ್ಟಿಗೆ ಇರುವುದರಿಂದ, ಹಾರುವುದನ್ನಷ್ಟೇ ಕೊಂದವನಿಗೆ ಕೆಲಸ ಎಂದೂ ಮುಗಿಯುವುದಿಲ್ಲ.

ಇನ್ನು ಬಾಡಿದ ಎಲೆಯ ವಿಚಾರ. ಬೇರು ಕೊಳೆತ ಗಿಡ ನೀರಿನ ನಡುವೆ ನಿಂತೂ ನೀರನ್ನು ಹೀರಲಾರದು. ಆದುದರಿಂದ ಬಾಯಾರಿದ ಗಿಡದಂತೆಯೇ ಬಾಡುತ್ತದೆ. ನೋಡುವವರ ಕಣ್ಣಿಗೆ ಎರಡೂ ಒಂದೇ. ಇದನ್ನು ತಿಳಿಯಲು ಬೆರಳಿಗಿಂತ ಒಳ್ಳೆಯ ಸಾಧನವಿಲ್ಲ. ಮೇಲಿನ ಒಂದು, ಒಂದೂವರೆ ಅಂಗುಲ ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಬೇಕು, ಒದ್ದೆಯಿದ್ದರೆ ಸುಮ್ಮನಿರಬೇಕು. ಹುಳುಗಳು ಇರುವುದು ಬಹುಮಟ್ಟಿಗೆ ಮಣ್ಣಿನ ಮೇಲ್ಭಾಗದಲ್ಲಿಯೇ ಆದುದರಿಂದ, ಅದು ಒಣಗಿದರೆ ಅವಕ್ಕೆ ಬೂಷ್ಟೂ ಇಲ್ಲ, ಉಳಿವೂ ಇಲ್ಲ. ಇನ್ನೂ ಒಳ್ಳೆಯ ಕ್ರಮವೆಂದರೆ, ಕುಂಡವನ್ನು ನೀರಿನ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟು ಕೆಳಗಿನಿಂದ ಹೀರಗೊಟ್ಟು, ಉಳಿದ ನೀರನ್ನು ಚೆಲ್ಲಿಬಿಡುವುದು. ಅಕ್ಕಿ ತೊಳೆದ ನೀರು, ಕಾಫಿಯ ಚರಟ ಇವು ತೋಟದ ಮಣ್ಣಿಗೆ ಒಳ್ಳೆಯವೇ. ಬಿಸಿಲು ಗಾಳಿಗಳಿಲ್ಲದ ಕೋಣೆಯ ಕುಂಡದಲ್ಲಿ ಮಾತ್ರ ಅವು ಬೂಷ್ಟಿಗೆ ಹಾಕಿದ ಎಡೆ.

ಹುಳು ಇದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಆಲೂಗೆಡ್ಡೆಯ ಒಂದು ಹೋಳನ್ನು ಮಣ್ಣಿನ ಮೇಲೆ ಮಲಗಿಸಿ, ಎರಡು ಮೂರು ದಿನ ಬಿಟ್ಟು ಎತ್ತಿ ನೋಡಿ. ಇದ್ದರೆ ಅಡಿಯಲ್ಲಿ ಸೇರಿರುತ್ತವೆ. ಹೋಳಿನೊಡನೆ ಅವನ್ನೂ ಹೊರಹಾಕಬಹುದು. ಹಾರುವ ನೊರಜಿಗೆ ಹಳದಿಯ ಮೋಹ. ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ಕುಂಡದ ಬಳಿ ಇಟ್ಟರೆ ತಾವಾಗಿ ಬಂದು ಅಂಟಿಕೊಳ್ಳುತ್ತವೆ. ಅಂಗಡಿಯಿಂದ ತಂದ ಗೊಬ್ಬರ, ತೆಂಗಿನನಾರಿನ ಪುಡಿ ಇವುಗಳ ಜೊತೆಯಲ್ಲಿಯೇ ಮೊಟ್ಟೆ ಬರುವುದೂ ಉಂಟು. ಬಳಸುವ ಮುನ್ನ ತೆಳ್ಳಗೆ ಹರಡಿ ಬಿಸಿಲಿಗೆ ಹಾಕುವುದು ಲೇಸು.

ಇಷ್ಟಕ್ಕೂ ಬಗ್ಗದಿದ್ದರೆ ವಿಜ್ಞಾನದ ನೆರವು ಇದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ, ಸೊಳ್ಳೆಮರಿಗಳು ಸತ್ತುಬಿದ್ದಿದ್ದ ಕೊಳದಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬುದು ಅದರ ಉದ್ದನೆಯ ಹೆಸರು; ಬಳಕೆಯಲ್ಲಿ ಬಿ.ಟಿ.ಐ. ಅದು ತಯಾರಿಸುವ ಪ್ರೋಟೀನಿನ ಹರಳು ಹುಳುವಿನ ಕ್ಷಾರಗುಣದ ಕರುಳಿನಲ್ಲಿ ಕರಗಿ ವಿಷವಾಗುತ್ತದೆ; ನಮಗೂ ನಮ್ಮ ಬೆಕ್ಕು ನಾಯಿಗಳಿಗೂ ಬಾಧಕವಿಲ್ಲ. ಆದರೆ ತಿನ್ನುವ ಹುಳುವನ್ನು ಮಾತ್ರ ಕೊಲ್ಲುವುದರಿಂದ, ನೀರಿನಲ್ಲಿ ಕದಡಿ ವಾರಕ್ಕೊಮ್ಮೆಯಂತೆ ಕೆಲವು ವಾರ ಹಾಕಬೇಕು. ಕುಂಡ ಸದಾ ಒದ್ದೆಯಾಗಿಯೇ ಇದ್ದರೆ ಈ ಮದ್ದೂ ಹೆಚ್ಚು ಕಾಲ ಕಾಯಲಾರದು.

ನೊರಜಿನ ಮೇಲೆ ಹಗೆ ಸಾಧಿಸಬೇಕಾದುದಿಲ್ಲ. ಕಾಡಿನಲ್ಲಿ ಉದುರಿದ ಎಲೆಯನ್ನು ಮರಳಿ ಮಣ್ಣಾಗಿಸುವ ಕೆಲಸದಲ್ಲಿ ಅದೂ ಒಂದು ಕೂಲಿ. ನ್ಯೂಜಿಲೆಂಡಿನ ವೈಟೊಮೊ ಗುಹೆಗಳ ಚಾವಣಿಯಲ್ಲಿ ನಕ್ಷತ್ರಗಳಂತೆ ಮಿನುಗುವ ಹುಳುಗಳು ಇದರ ಬಳಗದವೇ. ಅದು ನನ್ನ ಮನೆಗೆ ಬಂದುದು, ಅಲ್ಲಿಯೂ ಕಾಡಿನ ನೆಲದಷ್ಟು ತೇವವನ್ನು ನಾನು ಮಾಡಿಟ್ಟಿದ್ದುದರಿಂದ. ನೀರು ಹೆಚ್ಚಾಯಿತೆಂದು ತಿಂಗಳುಗಟ್ಟಲೆ ಮೂಗಿನ ಮುಂದೆ ಬಂದು ಹೇಳಿತು. ನಾನು ಚಪ್ಪಾಳೆ ತಟ್ಟಿ ಕೊಂದೆ.

ಅಮ್ಮನ ಬೆಗೋನಿಯ ಬದುಕಲಿಲ್ಲ. ಆದರೆ ಚಿಕ್ಕಮ್ಮ ಅದರ ಗಟ್ಟಿಯಾದ ಎಲೆಯೊಂದನ್ನು ತೊಟ್ಟು ಸಹಿತ ಕತ್ತರಿಸಿ, ತೊಳೆದ ಮರಳಿನಲ್ಲಿ ಊರಿ, "ಇನ್ನು ಇದನ್ನ ಮುಟ್ಟಬೇಡ" ಎಂದು ಹೇಳಿ ಹೋದರು. ಬೆಗೋನಿಯ ಎಲೆಯಿಂದಲೇ ಹುಟ್ಟುವ ಗಿಡ. ಮುಟ್ಟದೆ ಇರುವುದು ನೀರು ಹಾಕುವುದಕ್ಕಿಂತ ಕಷ್ಟವೆಂದು ಆಗ ತಿಳಿಯಿತು. ದಿನವೂ ಹೋಗಿ ನಿಲ್ಲುತ್ತಿದ್ದೆ. ಮರಳಿಗೆ ಬೆರಳಿಟ್ಟು, ತಂಪಿದ್ದರೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದೆ. ಎರಡು ತಿಂಗಳು ಕಳೆದ ಮೇಲೆ ತೊಟ್ಟಿನ ಬುಡದಲ್ಲಿ ಉಗುರಿನಷ್ಟು ಚಿಗುರು ಕಂಡಿತು. ಅದರ ಅಂಚು ನೇರಳೆಯಾಗಿದ್ದಿತು.

(ಬಾನುಲಿ ಭಾಷಣ)