ಮಕ್ಕಳೊಡನೆ ಒಂದು ಶಿಲೆಯ ಮುಂದೆ

ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯವು 1865ರಲ್ಲಿ ಸ್ಥಾಪಿತವಾಯಿತು. ತಾಯ್ತಂದೆಗಳಲ್ಲಿ ಅನೇಕರು ಇಂತಹ ಸ್ಥಳಕ್ಕೆ ಮಕ್ಕಳನ್ನು ಕರೆದೊಯ್ದು, ಒಂದೇ ತಾಸಿನೊಳಗೆ ಸಕಲವನ್ನೂ ತೋರಿಸಿಬಿಡುವರು. ಮನೆಗೆ ಬಂದಮೇಲೆ ಮಕ್ಕಳ ನೆನಪಿನಲ್ಲುಳಿಯುವುದು ಕಾಲುನೋವು ಮಾತ್ರ! ಒಂದೇ ಒಂದು ಶಿಲೆಯ ಮುಂದೆ ಸಾವಕಾಶವಾಗಿ ನಿಲ್ಲುವುದು ಲೇಸೆಂದು ನನ್ನ ಅಭಿಪ್ರಾಯ.

ಅಲ್ಲಿರುವ ಆತಕೂರಿನ ಕಲ್ಲನ್ನೇ ನೋಡಿರಿ. ಮಂಡ್ಯದ ಸೀಮೆಯಿಂದ ಬಂದ ಇದು ಸುಮಾರು ಕ್ರಿ. ಶ. 950ರದು. ನಾಯಿಯೊಂದು ಹಂದಿಯೊಡನೆ ಹೋರಾಡುವ ಚಿತ್ರವನ್ನು ಇದರಲ್ಲಿ ಕೆತ್ತಿರುವರು. ಚೋಳ ರಾಜಾದಿತ್ಯನು ಮಡಿದ ತಕ್ಕೋಲದ ಕಾಳಗದಲ್ಲಿ, ಗಂಗರ ಬೂತುಗನ ಕಡೆಯ ಮಣಲೆರನು ಶೌರ್ಯವನ್ನು ತೋರಿದನು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಮೆಚ್ಚಿ, ಬೇಕಾದುದನ್ನು ಬೇಡೆನ್ನಲು, ಆತನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯು ದೊಡ್ಡ ಹಂದಿಯೊಂದರ ಮೇಲೆ ಬಿದ್ದಿತು. ಎರಡೂ ಒಟ್ಟಿಗೆ ಸತ್ತವು. ಮಣಲೆರನು ಅದಕ್ಕಾಗಿ ಈ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನೂ ಬಿಟ್ಟನು.

ಚಿಕ್ಕವರು ಮೊದಲು ನಾಯಿಯ ಹೆಸರನ್ನೇ ಕೇಳುವರು. ಅರಸರ ಹೆಸರು ಆಮೇಲೆ ಬರಲಿ. ಕಥೆಯನ್ನು ತಾಯಿಯು ಮನೆಯಲ್ಲಿಯೇ ಓದಿಕೊಂಡು ಬಂದಿರತಕ್ಕದ್ದು. ಕಲ್ಲನ್ನು ಮುಟ್ಟಗೊಡದೆ, ಹಳಗನ್ನಡದ ಅಕ್ಷರಗಳಲ್ಲಿ ಗುರುತು ಸಿಕ್ಕುವುದಾವುದೆಂದು ಮಗುವೇ ಹುಡುಕಲಿ. ಪೂಜಾರಿಯು ಈ ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂದೂ ಶಾಸನದಲ್ಲಿದೆ. ನಾಯಿಗೆ ಇಷ್ಟು ಮರ್ಯಾದೆಯೇಕೆಂದು ಮಗುವು ಕೇಳಿದರೆ, ಅವಸರದಿಂದ ಉತ್ತರ ಕೊಡಬೇಡಿರಿ.