ತಾಯಿಯ ಹಾಲು ಮತ್ತು ಮನೆಯವರ ಹೊಣೆ

ಆಕಳು ಈದ ಮನೆಯಲ್ಲಿ ಅಂದಿನ ಸಂಭ್ರಮವೇ ಬೇರೆ. ಮೊದಲ ಹಾಲನ್ನು ಬೆಲ್ಲ ಏಲಕ್ಕಿಗಳೊಡನೆ ಕಾಸಿ ಗಿಣ್ಣ ಮಾಡುವರು; ನೆರೆಹೊರೆಯವರಿಗೂ ಕೊಟ್ಟು ತಾವೂ ಉಣ್ಣುವರು. ಆ ಹಾಲು ಹೊಟ್ಟೆಗೆ ಬೀಳದ ಕರು ಚೆನ್ನಾಗಿ ಬಾಳದೆಂಬುದನ್ನು ನಮ್ಮ ಒಕ್ಕಲಿಗನು ಬಲ್ಲನು. ಆದುದರಿಂದ ಕರುವಿನ ಪಾಲನ್ನು ಬಿಟ್ಟೇ ಕರೆಯುವನು. ಆದರೆ ಅದೇ ಮನೆಯ ಮಗಳು ಹಡೆದಾಗ ಆಕೆಯ ಮೊದಲ ಹಾಲನ್ನು ‘ಇದು ಕೆಟ್ಟ ಹಾಲು, ಕೂಸಿಗೆ ಅರಗದು’ ಎಂದು ಹಿಂಡಿ ಚೆಲ್ಲುವ ರೂಢಿಯು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ನಡೆದುಬಂದಿದೆ. ಕರುವಿಗೆ ಸಲ್ಲುವ ನ್ಯಾಯವು ಕೂಸಿಗೆ ಸಲ್ಲಬಾರದೇ?

ಹಳದಿಯ ಛಾಯೆಯುಳ್ಳ, ಮಂದವಾದ ಈ ಮೊದಲ ಹಾಲು ಕೆಲವೇ ಚಮಚೆಗಳಷ್ಟು ಬರುವದು. ಹುಟ್ಟಿದ ದಿನ ಕೂಸಿನ ಹೊಟ್ಟೆಯು ಹಿಡಿಸುವದೂ ಅಷ್ಟೇ. ರೋಗಗಳನ್ನು ತಡೆಯುವ ಶಕ್ತಿಯನ್ನು ತಾಯಿಯು ತನ್ನ ರಕ್ತದಿಂದ ಈ ಹಾಲಿನಲ್ಲಿ ತುಂಬಿ ಕಳಿಸುವಳು. ‘ಎ’ ಜೀವಸತ್ವವೂ ಇದರಲ್ಲಿ ಹೇರಳವಾಗಿರುವದು. ಆದುದರಿಂದಲೇ ಹುಟ್ಟಿದ ಒಂದು ತಾಸಿನೊಳಗೆ ಕೂಸನ್ನು ಎದೆಗೆ ಹಚ್ಚಬೇಕೆಂದೂ, ಆರು ತಿಂಗಳು ತುಂಬುವ ತನಕ ತಾಯಿಯ ಹಾಲಿನ ಹೊರತು ಬೇರೇನನ್ನೂ ಕೊಡಬಾರದೆಂದೂ, ಅನಂತರ ಮೆತ್ತನೆಯ ಊಟದೊಡನೆ ಎರಡು ವರುಷದವರೆಗಾದರೂ ಹಾಲೂಡಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ದೇಶಗಳಿಗೂ ಹೇಳುತ್ತಿರುವದು.

ಈಗ ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿರುವಾಗ ಈ ಮಾತೇಕೆಂದು ವಾಚಕರು ಕೇಳಬಹುದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಇದಕ್ಕೆ ಉತ್ತರವನ್ನು ಕೊಡುತ್ತದೆ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ೮೯ ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು. ಆದರೆ ಮೊದಲ ತಾಸಿನೊಳಗೆ ಎದೆಹಾಲು ಉಂಡ ಕೂಸುಗಳು ನೂರಕ್ಕೆ ೪೨ ಮಾತ್ರ. ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಹೋಯಿತು. ಮನೆಯ ರೂಢಿಯೂ ಅದರ ಬೆನ್ನುಹತ್ತಿ ಹೋಯಿತೆಂದು ತೋರುತ್ತದೆ. ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ೧೯೮೬ರಲ್ಲಿ ಪ್ರಾರಂಭವಾದ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯವಿದೆ. ಸುತ್ತಲಿನ ಹಳ್ಳಿಗಳಿಂದ ಗರ್ಭಿಣಿಯರು ಬರುವದೂ ಇಲ್ಲಿಗೇ. ವೈದ್ಯರೂ ದಾದಿಯರೂ ಎಷ್ಟು ತಿಳಿಹೇಳಿದರೂ, ಅವರು ಅತ್ತ ಸರಿದೊಡನೆ ಮಂಚದ ಬಳಿಯಲ್ಲಿ ನಿಲ್ಲುವವರು ಮನೆಯ ಹಿರಿಯರು. ಅವರ ಕೈಯಲ್ಲಿ ಜೇನುತುಪ್ಪವೋ, ಔಡಲೆಣ್ಣೆಯೋ, ಸಕ್ಕರೆಯ ನೀರೋ ಇದ್ದರೆ ಕೂಸಿನ ಮೊದಲ ಊಟವು ಅದೇ ಆಗುವದು. ಹಿರಿಯರ ಅಕ್ಕರೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ವರುಷದೊಳಗಿನ ಕೂಸಿಗೆ ಜೇನು ಅಪಾಯಕರವಾದುದು. ಒಮ್ಮೊಮ್ಮೆ ಅದರಲ್ಲಿರುವ ಸೂಕ್ಷ್ಮ ಕ್ರಿಮಿಯು ಎಳೆಯ ಕರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲದು.

ಇನ್ನು ನೀರಿನ ಮಾತು. ನಮ್ಮ ಕಡೆಯ ಬೇಸಿಗೆಯನ್ನು ಬಣ್ಣಿಸಬೇಕಾಗಿಲ್ಲ; ಉಷ್ಣತೆಯು ೪೦ ಅಂಶಗಳನ್ನು ದಾಟಿದಾಗ ಕೂಸಿನ ಬಾಯಿ ಆರೀತೆಂದು ಅಜ್ಜಿಯ ಕರುಳು ಚುರುಕ್ಕೆನ್ನುವದು ಸಹಜವೇ. ಆದರೆ ತಾಯಿಯ ಹಾಲಿನಲ್ಲಿ ನೂರಕ್ಕೆ ೮೭–೮೮ ಪಾಲು ನೀರೇ ಇರುವದು. ಎಂಥ ಬಿಸಿಲಿನಲ್ಲಿಯೂ ಆರು ತಿಂಗಳೊಳಗಿನ ಕೂಸಿಗೆ ಅದು ಸಾಕು. ಮೇಲೆ ಕೊಟ್ಟ ನೀರು ಹೊಟ್ಟೆಯ ಜಾಗವನ್ನು ಹಿಡಿದು ಹಾಲನ್ನು ಕಡಿಮೆ ಮಾಡುವದು; ನೀರು ಶುದ್ಧವಿರದಿದ್ದರೆ ಭೇದಿಯನ್ನೂ ತರುವದು. ನೀರು ಬೇಕಾದುದು ಬಾಣಂತಿಗೆ. ಆಕೆಗೆ ನೀರು ಕೊಟ್ಟರೆ ಕೂಸಿಗೆ ಥಂಡಿಯಾಗುವದೆಂದು ಬಾಯಾರಿಸಿ ಕೂಡ್ರಿಸುವದು ಎಳ್ಳಷ್ಟೂ ಸರಿಯಲ್ಲ.

‘ಹಾಲು ಸಾಲದು’ ಎಂಬ ಅಂಜಿಕೆಯು ಎಲ್ಲಕ್ಕೂ ದೊಡ್ಡದು. ಕೂಸು ಅತ್ತಿತೆಂದರೆ ಹಸಿವೆಯೆಂದೇ ತಿಳಿದು ಡಬ್ಬಿಯ ಪುಡಿಯನ್ನು ತರಿಸುವರು. ಎದೆಹಾಲಿನ ನಿಯಮವು ಬಾವಿಯ ಸೆಲೆಯ ನಿಯಮದಂತಿದೆ: ಕೂಸು ಉಂಡಷ್ಟೂ ಊರುವದು, ಉಣ್ಣದೆ ಬಿಟ್ಟರೆ ಇಂಗುವದು. ಒಂದು ಬಾಟಲಿ ಒಳಗೆ ಹೋದರೆ ಕೂಸು ಎದೆಯಲ್ಲಿ ಅಷ್ಟು ಕಡಿಮೆ ಉಣ್ಣುವದು. ಹಾಲು ಅಷ್ಟು ಕಡಿಮೆಯಾಗುವದು. ಆಗ ಸುಳ್ಳಾಗಿದ್ದ ಅಂಜಿಕೆಯೇ ನಿಜವಾಗುವದು. ಮೊದಲ ವಾರ ಕಳೆದ ಮೇಲೆ ಎದೆಹಾಲನ್ನೇ ಉಣ್ಣುವ ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತ, ತೂಕದಲ್ಲಿ ಏರುತ್ತಿದ್ದರೆ ಹಾಲು ಸಾಕೆಂದೇ ತಿಳಿಯಬೇಕು. ರಾತ್ರಿಯ ಹಾಲನ್ನು ತಪ್ಪಿಸಬಾರದು. ಹಾಲನ್ನು ಹುಟ್ಟಿಸುವ ರಸವು ದೇಹದಲ್ಲಿ ಹೆಚ್ಚುವದು ಆ ಹೊತ್ತಿನಲ್ಲಿಯೇ.

ಡಬ್ಬಿಯ ಹಾಲಿನ ಕೇಡನ್ನು ಜಗತ್ತು ಬಹು ಬೆಲೆ ತೆತ್ತು ಕಲಿತಿದೆ. ೧೯೩೯ರಲ್ಲಿ ಸಿಂಗಾಪುರದಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ‘ಹಾಲು ಮತ್ತು ಕೊಲೆ’ ಎಂಬ ಹೆಸರಿನಿಂದ ಭಾಷಣ ಮಾಡಿ, ಎದೆಹಾಲನ್ನು ಬಿಡಿಸಿ ಡಬ್ಬಿಯ ಹಾಲನ್ನು ಮಾರುವವರನ್ನು ನೇರವಾಗಿ ಖಂಡಿಸಿದಳು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಭೆಯು ಇಂಥ ವ್ಯಾಪಾರಕ್ಕೆ ಕಟ್ಟುಪಾಡುಗಳನ್ನು ವಿಧಿಸಿತು. ನಮ್ಮ ದೇಶವು ೧೯೯೨ರಲ್ಲಿ ಕಾಯದೆಯನ್ನು ಮಾಡಿ ೨೦೦೩ರಲ್ಲಿ ಅದನ್ನು ಬಿಗಿಗೊಳಿಸಿತು. ಎರಡು ವರುಷದೊಳಗಿನ ಮಕ್ಕಳ ಇಂಥ ಆಹಾರಕ್ಕಾಗಲಿ, ಹಾಲಿನ ಬಾಟಲಿಗಾಗಲಿ ಜಾಹೀರಾತು ಕೊಡುವದು ಅಪರಾಧ. ತಾಯಿಯ ಹಾಲು ನಿಜವಾಗಿ ಸಿಕ್ಕದ ಪ್ರಸಂಗಗಳೂ ಉಂಟು. ಅಂಥಲ್ಲಿ ವೈದ್ಯರು ಹೇಳಿದಂತೆ ನಡೆಯಬೇಕು. ಆ ತಾಯಿಯನ್ನು ಯಾರೂ ಹೀಯಾಳಿಸಬಾರದು. ದಿನ ತುಂಬದೆ ಹುಟ್ಟಿದ ಕೂಸುಗಳಿಗಾಗಿ ಬೇರೆ ತಾಯಂದಿರಿಂದ ದಾನವಾಗಿ ಬಂದ ಹಾಲನ್ನು ಕಾಯ್ದಿಡುವ ಭಾಂಡಾರವನ್ನು ಡಾ. ಆರ್ಮಿಡಾ ಫರ್ನಾಂಡಿಸ್ ಅವರು ೧೯೮೯ರಲ್ಲಿಯೇ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ತೆರೆದರು.

ಇಷ್ಟೆಲ್ಲ ತಿಳಿದ ಮೇಲೂ ತಾಯಿಗೆ ಕೂಸಿನ ಬಳಿ ಇರಲು ಬಿಡುವು ಬೇಡವೇ? ವಿಜಯಪುರದ ಪಡುವಣಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ; ಬಿಳಿಜೋಳದ ಈ ಸೀಮೆಯು ಇಂದು ದ್ರಾಕ್ಷಿಯ ಸೀಮೆಯೂ ಆಗಿದೆ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಬಳ್ಳಿಗಳನ್ನು ಸವರಬೇಕು, ಹಣ್ಣು ಕೊಯ್ಯಬೇಕು, ಒಣದ್ರಾಕ್ಷಿ ಮಾಡಬೇಕು. ಈ ಕೆಲಸಗಳು ಕೂಲಿಯ ಹೆಣ್ಣುಮಗಳ ಬಾಣಂತನಕ್ಕಾಗಿ ಕಾಯುವದಿಲ್ಲ. ೨೦೧೭ರಲ್ಲಿ ಹೆರಿಗೆಯ ಸಂಬಳಸಹಿತ ರಜೆಯು ೧೨ ವಾರಗಳಿಂದ ೨೬ ವಾರಗಳಿಗೆ ಏರಿತು. ಆದರೆ ಅದರ ಫಲವು ನೌಕರಿಯುಳ್ಳವಳಿಗೆ. ದಿನಗೂಲಿಯವಳಿಗೆ ರಜೆಯೆಂದರೆ ಉಪವಾಸವೇ ಸರಿ. ರಾಜ್ಯ ಸರಕಾರವು ೨೦೨೩ರಲ್ಲಿ ೪,೦೦೦ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯನ್ನು ಹಮ್ಮಿಕೊಂಡುದು ಈ ಕೊರತೆಯನ್ನು ಕಂಡೇ. ತೋಟದ ಒಡೆಯರೂ ಒಂದು ಕೆಲಸ ಮಾಡಬಹುದು: ನೆರಳಿನಲ್ಲಿ ಒಂದು ತೊಟ್ಟಿಲು, ಎರಡು ಮೂರು ತಾಸಿಗೊಮ್ಮೆ ಹಾಲೂಡಿಸಲು ಕೂಲಿ ಮುರಿಯದ ಬಿಡುವು. ಇದಕ್ಕೆ ಹಣಕ್ಕಿಂತ ಮನಸ್ಸು ಹೆಚ್ಚು ಬೇಕು. ತಾಯಿಯು ಕೂಸನ್ನು ಬಿಟ್ಟು ಹೋಗಲೇಬೇಕಾದರೆ ಕೈ ತೊಳೆದು ಹಾಲನ್ನು ಶುಚಿಯಾದ ಪಾತ್ರೆಯಲ್ಲಿ ಹಿಂಡಿ ಮುಚ್ಚಿಟ್ಟು ಹೋಗಲಿ. ೨೫ ಅಂಶಗಳ ತಂಪಿನಲ್ಲಿ ಅದು ನಾಲ್ಕು ತಾಸು ಕೆಡದೆ ಇರುವದು. ನಮ್ಮ ಬೇಸಿಗೆಯಲ್ಲಿ ಅಷ್ಟು ಹೊತ್ತು ನಂಬಬಾರದು. ಅದನ್ನು ಕುಡಿಸಲು ಬಾಟಲಿ ಬೇಡ. ನಮ್ಮ ಅಜ್ಜಿಯರ ಒಳಲೆಯೇ ಲೇಸು. ತೊಳೆಯಲು ಸುಲಭ, ಕ್ರಿಮಿ ಅಡಗುವ ಮೂಲೆಯಿಲ್ಲ.

ಬಾಣಂತಿಯ ಊಟದ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. ಅಂಟಿನ ಉಂಡಿ, ಅಳವಿಯ ಪಾಯಸ, ಸಬ್ಬಸಗಿ ಪಲ್ಲೆ ಇವನ್ನು ಬಿಡಬೇಕಾಗಿಲ್ಲ. ಇವುಗಳೊಡನೆ ಬೇಳೆ, ತಪ್ಪಲುಪಲ್ಲೆ, ಹಾಲು, ಹಣ್ಣುಗಳನ್ನೂ ಹೊಟ್ಟೆತುಂಬ ಕೊಟ್ಟರಾಯಿತು. ೨೦೧೭ರ ಅಕ್ಟೋಬರ್ ೨ರಂದು ರಾಜ್ಯದಲ್ಲೆಲ್ಲ ಪ್ರಾರಂಭವಾದ ‘ಮಾತೃಪೂರ್ಣ’ ಯೋಜನೆಯು ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಏರ್ಪಡಿಸಿತು. ಆದರೆ ಹಸಿ ಬಾಣಂತಿಯು ಹೊಸ್ತಿಲು ದಾಟಬಾರದೆಂಬ ರೂಢಿಯಿರುವಲ್ಲಿ ಆ ಊಟವು ಆಕೆಯ ಬಾಯಿಗೆ ಸೇರುವದೆಂತು? ಸರಕಾರವು ಅಡಿಗೆ ಮಾಡಿಸೀತು. ದಾರಿಯನ್ನು ಬಿಡಬೇಕಾದವರು ಮನೆಯವರೇ.

ಆರು ತಿಂಗಳು ತುಂಬಿದೊಡನೆ ಇನ್ನೊಂದು ಎಚ್ಚರವು ಬೇಕು. ಎದೆಹಾಲೊಂದೇ ಆಗ ಸಾಲದು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳೊಳಗೆ ತಕ್ಕಷ್ಟು ಊಟ ದೊರೆತವರು ದೇಶದಲ್ಲಿ ನೂರಕ್ಕೆ ೧೧ ಮಾತ್ರ. ಬೇಳೆಯ ಕಟ್ಟಿನಿಂದ ಕೂಸಿಗೆ ಬಲ ಬರುವದೆಂದು ಅನೇಕರು ನಂಬಿರುವರು; ಬಲವಿರುವದು ತಳಕ್ಕಿಳಿದ ಬೇಳೆಯಲ್ಲಿ! ಜೋಳದ ನುಚ್ಚನ್ನೂ ಹೆಸರುಬೇಳೆಯನ್ನೂ ಕೂಡಿಸಿ ಮೆತ್ತಗೆ ಬೇಯಿಸಿ, ಚಮಚೆಯಿಂದ ಜಾರದಷ್ಟು ಗಟ್ಟಿಯಾಗಿ ಮಸೆದು, ತುಪ್ಪ ಹಾಕಿ ಉಣಿಸಬೇಕು. ಬೇಯಿಸಿದ ಗಜ್ಜರಿ, ಬಾಳೆಹಣ್ಣು, ನುಣ್ಣಗೆ ಕುಟ್ಟಿದ ಶೇಂಗಾ, ಉಣ್ಣುವವರ ಮನೆಯಲ್ಲಿ ತತ್ತಿ ಇವು ಒಂದೊಂದಾಗಿ ಬರಲಿ. ಮೊದಲು ಎರಡು ಮೂರು ಚಮಚೆಯಂತೆ ದಿನಕ್ಕೆ ಎರಡು ಮೂರು ಸಲ; ಒಂಬತ್ತು ತಿಂಗಳಿನಿಂದ ಮೂರು ನಾಲ್ಕು ಸಲ. ದ್ರಾಕ್ಷಿಯ ನಾಡಿನವರಿಗೆ ಒಂದು ಮಾತು: ಇಡಿಯ ದ್ರಾಕ್ಷಿಯನ್ನು ಎಳೆಯ ಕೂಸಿನ ಬಾಯಿಗೆ ಕೊಡಬೇಡಿರಿ, ಅದು ಗಂಟಲಲ್ಲಿ ಸಿಕ್ಕೀತು.

ಹಾಲು ತಾಯಿಯದು, ನಿಜ. ಆದರೆ ಆ ಹಾಲನ್ನು ಕೂಸಿಗೆ ಮುಟ್ಟಿಸುವ ಹೊಣೆಯು ಇಡಿಯ ಮನೆಯದು. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆಯು ಮೂರನೆಯ ದಿನದಿಂದ ನಾಲ್ವತ್ತೆರಡನೆಯ ದಿನದೊಳಗೆ ಆರು ಸಲ ಬರಬೇಕೆಂಬ ನಿಯಮವಿದೆ. ಆಕೆಯು ಬಂದಾಗ ಸೊಸೆಯನ್ನೊಬ್ಬಳನ್ನೇ ಮುಂದೆ ಕೂಡ್ರಿಸದೆ ಅತ್ತೆ, ತಾಯಿ, ಗಂಡ ಎಲ್ಲರೂ ಕೂಡಿ ಕುಳಿತು ಕೇಳಿರಿ. ಗಂಡನು ನೀರು ತರಲಿ, ಬಟ್ಟೆ ಒಗೆಯಲಿ. ಅತ್ತೆಯು ಧೈರ್ಯದ ಎರಡು ಮಾತು ಆಡಲಿ. ಕುಬುಸಕ್ಕೂ ತೊಟ್ಟಿಲಿಗೂ ಮಾಡುವ ವೆಚ್ಚದ ಮುಂದೆ ಇದಕ್ಕೆ ತಗಲುವ ವೆಚ್ಚವಾದರೂ ಎಷ್ಟು? ಕುಬುಸದ ದಿನ ಬಂಧುಬಳಗವೆಲ್ಲ ನೆರೆದಾಗ, ಮೊದಲ ತಾಸಿನಲ್ಲಿ ಕೂಸನ್ನು ತಾಯಿಯ ಎದೆಗೆ ಕೊಡುವವರು ಯಾರೆಂಬುದನ್ನು ನಿಶ್ಚಯಿಸಿಬಿಡಿರಿ. ಉಡಿಯಲ್ಲಿ ತುಂಬುವ ಕಾಣಿಕೆಗಳಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲ.