ಬೆಟ್ಟದ ಊರಿನ ಬಿಸಿಲು

ಕೊಡಗಿನಲ್ಲಿ ಬಿಸಿಲಿನ ಅಪಾಯದ ಮಾತೇ ವಿಚಿತ್ರವೆಂದು ಹಲವರಿಗೆ ತೋರಬಹುದು. ಮಳೆ, ಮಂಜು, ಚಳಿ ಎಂದರೆ ಮಡಿಕೇರಿ. ಬಿಸಿಲು ಎಂದರೆ ರಾಯಚೂರು, ಕಲಬುರಗಿ ಎಂಬ ಲೆಕ್ಕ ನಮ್ಮಲ್ಲಿದೆ. ಹವಾಮಾನ ಇಲಾಖೆಯ ಲೆಕ್ಕ ಬೇರೆ. ಬಿಸಿಗಾಳಿಯನ್ನು ಗುರುತಿಸಲು ಬಯಲಿನಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಇರಬೇಕು, ಕರಾವಳಿಯಲ್ಲಿ 37. ಗುಡ್ಡಗಾಡಿಗೆ 30 ಡಿಗ್ರಿ ಸಾಕು. ಜೊತೆಗೆ ಅದು ಆ ಊರಿನ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ತಂಪಿಗೆ ಒಗ್ಗಿದ ದೇಹಕ್ಕೆ ಕಡಿಮೆ ಬಿಸಿಯೂ ಹೊರೆಯೇ.

ನಮ್ಮ ದೇಹ ಸುಮಾರು 37 ಡಿಗ್ರಿಯಲ್ಲಿ ನಡೆಯುವ ಯಂತ್ರ. ದುಡಿಯುವಾಗ ಸ್ನಾಯುಗಳು ಬಳಸುವ ಶಕ್ತಿಯ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬೀಳುತ್ತದೆ. ಅದನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಆದರೆ ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಹೆಚ್ಚೇನೂ ಲಾಭವಿಲ್ಲ.

ಇದನ್ನು ನೆನಪಿಟ್ಟುಕೊಂಡು ಮಾರ್ಚ್, ಏಪ್ರಿಲ್ ತಿಂಗಳ ತೋಟವನ್ನು ನೋಡಿ. ಹಿಂದಿನ ಸಂಜೆ ಹೂಮಳೆ ಬಿದ್ದಿದೆ, ಇಲ್ಲವೇ ಸ್ಪ್ರಿಂಕ್ಲರ್ ಓಡಿದೆ. ಬೆಳಿಗ್ಗೆ ಹತ್ತಕ್ಕೇ ಬಿಸಿಲು ಚುರುಕಾಗುತ್ತದೆ. ಗಿಡಗಳ ನಡುವೆ ಗಾಳಿ ಆಡುವುದಿಲ್ಲ, ತೇವ ಮೇಲೇಳುತ್ತದೆ. ಅಂಗಿ ತೊಪ್ಪೆಯಾದರೂ ಮೈ ತಣಿಯುವುದಿಲ್ಲ. ಥರ್ಮಾಮೀಟರ್ 31 ತೋರಿಸಿದರೂ ಕೆಲಸಗಾರನ ದೇಹ ಅನುಭವಿಸುವುದು ಅದಕ್ಕಿಂತ ಹೆಚ್ಚಿನದನ್ನು. ಅದೇ ಹೊತ್ತಿಗೆ ಮೆಣಸು ಕೊಯ್ಲು ನಡೆದಿರುತ್ತದೆ. ನೆಲದ ಮೇಲೆ ತಲೆಸುತ್ತು ಬಂದರೆ ಕುಳಿತುಕೊಳ್ಳಬಹುದು, ಏಣಿಯ ಮೇಲೆ ಬಂದರೆ? (ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗುವ ಅಪಾಯ ಬೇರೆಯೇ ಇದೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು.) ಮರಗಸಿಯಾದ ತೋಟದಲ್ಲಿ ನೆರಳೂ ಕಡಿಮೆ.

ಮೊದಲು ಕಾಣುವುದು ಬಳಲಿಕೆ: ತಲೆನೋವು, ವಾಕರಿಕೆ, ಕಾಲಿನ ಸೆಳೆತ, ತಣ್ಣನೆಯ ಜಿಗುಟು ಮೈ. ನೆರಳು, ನೀರು, ವಿಶ್ರಾಂತಿ ಸಿಕ್ಕರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ದೇಹದ ಉಷ್ಣಾಂಶ 40 ಡಿಗ್ರಿ ದಾಟಿದರೆ ಮಿದುಳಿಗೇ ಪೆಟ್ಟು. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಕೇಳಿದ್ದಕ್ಕೆ ಏನೋ ಉತ್ತರ ಬರುತ್ತದೆ, ಕೆಲವರು ಸಿಡುಕುತ್ತಾರೆ. ಇದು ಬಿಸಿಲಾಘಾತ. ನೋಡುವವರಿಗೆ ಮಾತ್ರ ಇದು ಕುಡಿದವನ ವರ್ತನೆಯಂತೆ ಕಾಣುತ್ತದೆ. ‘ಮಲಗಲಿ ಬಿಡಿ, ಇಳಿಯುತ್ತದೆ’ ಎಂದು ಮರದಡಿ ಬಿಟ್ಟುಹೋದರೆ ಜೀವಕ್ಕೇ ಅಪಾಯ. ಕುಡಿದಿರುವುದು ನಿಜವೇ ಆಗಿದ್ದರೂ ಬಿಸಿಲಿನಲ್ಲಿ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬಿಸಿಲಾಘಾತವಾದವರಿಗೆ ಬೆವರು ನಿಂತಿರಲೇಬೇಕು ಎಂಬ ನಂಬಿಕೆಯೂ ಸರಿಯಲ್ಲ. ದುಡಿಯುತ್ತಾ ಕುಸಿದವರಲ್ಲಿ ಬೆವರು ಸುರಿಯುತ್ತಲೇ ಇರಬಹುದು.

ನಾವು ತಂಪಿನವರು ಎಂಬ ಧೈರ್ಯ ಇಲ್ಲಿ ತೊಡಕಾಗುತ್ತದೆ. ಬಿಸಿಗೆ ಒಗ್ಗಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಆದ್ದರಿಂದ ಕೆಲಸಕ್ಕೆ ಹೊಸಬರು, ರಜೆ ಮುಗಿಸಿ ಮರಳಿದವರು, ಜ್ವರದಿಂದ ಎದ್ದವರು ಮೊದಲ ದಿನಗಳಲ್ಲೇ ಕುಸಿಯುವ ಸಂಭವ ಹೆಚ್ಚು. ಅವರಿಗೆ ಮೊದಲ ದಿನವೇ ಪೂರ್ತಿ ಪಾಳಿ ಕೊಡಬಾರದು. ಸಿದ್ದಾಪುರ, ಕುಶಾಲನಗರದ ಕಡೆಯ ತಗ್ಗಿನ ತೋಟಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ನೀರಿನ ವಿಚಾರ ಸರಳ. ಬಾಯಾರುವವರೆಗೆ ಕಾಯದೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ. ಗಂಟೆಗೆ ಒಂದೂವರೆ ಲೀಟರ್ ಮೀರುವುದು ಬೇಡ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ನಿಂಬೆ ಪಾನಕ ಒಳ್ಳೆಯವು. ಬೆಲ್ಲದ ಕಾಫಿಯನ್ನು ದೂರುವ ಅಗತ್ಯವಿಲ್ಲ, ಆದರೆ ಅದೊಂದನ್ನೇ ನಂಬಿ ಮಧ್ಯಾಹ್ನದವರೆಗೆ ನೀರು ಮುಟ್ಟದಿರುವುದು ತಪ್ಪು. ಭಾರದ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಹನ್ನೆರಡರಿಂದ ಮೂರರವರೆಗೆ ನೆರಳಿನ ಕೆಲಸ ಇಟ್ಟುಕೊಳ್ಳಿ. ಪ್ರವಾಸಕ್ಕೆ ಬರುವವರಿಗೂ ಒಂದು ಮಾತು: ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಐದು ನಿಮಿಷವೂ ಬಿಡಬೇಡಿ. ಗಾಜು ಮುಚ್ಚಿದ ಕಾರು ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು.

ಯಾರಾದರೂ ತೊದಲಿದರೆ, ಕುಸಿದರೆ, 108ಕ್ಕೆ ಕರೆ ಮಾಡಿ; ಆದರೆ ವಾಹನ ಬರುವವರೆಗೆ ಕೈಕಟ್ಟಿ ಕೂರಬೇಡಿ. ಒಳತೋಟದ ದಾರಿಯಲ್ಲಿ ಅದು ತಡವಾಗಬಹುದು. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ಧಾರಾಳವಾಗಿ ನೀರು ಸುರಿದು ಬೀಸಿ. ಸ್ಪ್ರಿಂಕ್ಲರಿನ ಪೈಪೂ ಆದೀತು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣೀರಿನ ಬಟ್ಟೆ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯದು. ಗೇಟಿನ ಬಳಿ ಒಬ್ಬರನ್ನು ನಿಲ್ಲಿಸಿ. ಬರುವ ವಾಹನಕ್ಕೆ ದಾರಿ ತೋರಿಸಲಿ.